ಮೂರು ತಿಂಗಳ ಕೂಸಿನ ಕೈಕಾಲಾಟವನ್ನು ಕಂಪ್ಯೂಟರ್ ಓದಿದಾಗ: ಟ್ರಾಂಡ್‌ಹೈಮ್ ಅಧ್ಯಯನದ ಪ್ರಕರಣ

ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿರುವ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಹಾಗೂ ಅಲ್ಲಿನ ಸೇಂಟ್ ಓಲಾವ್ಸ್ ಆಸ್ಪತ್ರೆಯ ತಂಡ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅವರ ಪ್ರಶ್ನೆ ಕೇಳಲು ಸುಲಭ. ಮೂರು ತಿಂಗಳ ಆಸುಪಾಸಿನ ಮಗು ಅಂಗಾತ ಮಲಗಿ ತನ್ನ ಪಾಡಿಗೆ ಕೈಕಾಲು ಆಡಿಸುತ್ತಿದೆ. ಅದರ ವಿಡಿಯೊ ಕೊಟ್ಟರೆ, ಈ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಪೆಟ್ಟಾಗಿ ಮೈಕೈ ಚಲನೆಯ ಹಿಡಿತ ತಪ್ಪುವ ತೊಂದರೆ) ಇದೆಯೇ ಎಂದು ಕಂಪ್ಯೂಟರ್ ಮೊದಲೇ ಹೇಳಬಲ್ಲದೇ?

ನಾರ್ವೆ, ಬೆಲ್ಜಿಯಂ, ಅಮೆರಿಕ, ಭಾರತ ಸೇರಿದಂತೆ ಹಲವು ದೇಶಗಳ 13 ಆಸ್ಪತ್ರೆಗಳಿಂದ 557 ಮಕ್ಕಳ ವಿಡಿಯೊ ಅವರ ಬಳಿ ಇತ್ತು. ಎಲ್ಲರೂ ಅಪಾಯದ ಅಂಚಿನಲ್ಲಿದ್ದ ಮಕ್ಕಳು. ದಿನ ತುಂಬುವ ಮೊದಲೇ ಹುಟ್ಟಿದವರು, ಹುಟ್ಟುವಾಗ ಉಸಿರುಗಟ್ಟಿದವರು, ಮೆದುಳಿಗೆ ಪೆಟ್ಟಾಗಿರಬಹುದು ಎಂಬ ಅನುಮಾನ ಇದ್ದವರು. ಅವರಲ್ಲಿ 84 ಮಕ್ಕಳಿಗೆ ಮುಂದೆ ಸೆರೆಬ್ರಲ್ ಪಾಲ್ಸಿ ಇರುವುದು ಖಚಿತವಾಗಿತ್ತು. ಅಂದರೆ ಉತ್ತರ ಗೊತ್ತಿರುವ ಪ್ರಶ್ನೆಪತ್ರಿಕೆಯನ್ನೇ ಕಂಪ್ಯೂಟರ್‌ಗೆ ಕೊಟ್ಟು ಪರೀಕ್ಷೆ ಮಾಡಿದರು.

ಈ ಅಧ್ಯಯನ ಬಂದಾಗಿನಿಂದ ಇದರ ಬಗ್ಗೆ ಎರಡು ಥರದ ಮಾತು ಕೇಳುತ್ತೇವೆ. "ಇನ್ಮೇಲೆ ಮೊಬೈಲೇ ಡಾಕ್ಟರ್" ಎಂದು ಒಂದು ಕಡೆ. "ಮಗುವಿನ ಭವಿಷ್ಯವನ್ನು ಯಂತ್ರ ಹೇಳೋದಾ?" ಎಂದು ಇನ್ನೊಂದು ಕಡೆ. ಇವೆರಡೂ ಅಧ್ಯಯನದ ಅಂಕಿಗಳನ್ನು ನೋಡದೆ ಆಡುವ ಮಾತು. ಅಂಕಿಗಳನ್ನು ನಿಧಾನವಾಗಿ ನೋಡಿದರೆ ಈ ತಂತ್ರಜ್ಞಾನ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಈ ಬರಹದಲ್ಲಿ ಅದನ್ನೇ ಮಾಡುತ್ತೇನೆ.

ಕೈಕಾಲಾಟದಲ್ಲಿ ಏನಿದೆ?

ಮೊದಲು ಮಗುವಿನ ಚಲನೆಯ ವಿಷಯ. ಇದು ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೋ ಮಾಯಾಜಾಲದ ಹಾಗೆ ಕಾಣಬಹುದು.

ವಿಯೆನ್ನಾದಲ್ಲಿ ಹುಟ್ಟಿದ ಹೈನ್ಜ್ ಪ್ರೆಕ್ಟ್ಲ್ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಬಹಳ ಕಾಲ ಕೆಲಸ ಮಾಡಿದ ವಿಜ್ಞಾನಿ. ಮಗು ಯಾರೂ ಮುಟ್ಟದೆ, ಮಾತಾಡಿಸದೆ ಇದ್ದಾಗಲೂ ತಾನಾಗಿ ಹೇಗೆ ಚಲಿಸುತ್ತದೆ ಎನ್ನುವುದು ಅವರ ಆಸಕ್ತಿ. 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಬಳಸಿ ಗರ್ಭದೊಳಗಿನ ಚಲನೆಗಳನ್ನೂ ಅವರ ತಂಡ ದಾಖಲಿಸಿತು. ಬಸಿರಿನ ಮೊದಲ ಮೂರು ತಿಂಗಳಲ್ಲೇ ಇಡೀ ದೇಹ ತೊಡಗುವ ಚಲನೆಗಳು ಶುರುವಾಗುತ್ತವೆ. ಅವು ಹುಟ್ಟಿದ ಮೇಲೂ ಮುಂದುವರಿಯುತ್ತವೆ. ದಿನ ತುಂಬಿದ ಹೊತ್ತಿಗೆ ಇವು ಹೊರಳಾಟದ ಹಾಗೆ, ಸ್ವಲ್ಪ ನಿಧಾನವಾಗಿ, ಬಲವಾಗಿ ಇರುತ್ತವೆ. ಆಮೇಲೆ ಸುಮಾರು 9 ವಾರದಿಂದ 20 ವಾರದವರೆಗೆ ಬೇರೆ ಥರದ ಚಲನೆ ಕಾಣಿಸಿಕೊಳ್ಳುತ್ತದೆ. ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಹಿಮ್ಮಡಿಗಂಟು, ಹೀಗೆ ಎಲ್ಲ ಕಡೆ ಸಣ್ಣ ಸಣ್ಣ ಚಲನೆ. ಮಧ್ಯಮ ವೇಗ, ಎಲ್ಲ ದಿಕ್ಕಿಗೂ, ಒಂದೇ ಸಮನೆ. ಇದನ್ನು ಫಿಜೆಟಿ ಚಲನೆ ಎನ್ನುತ್ತಾರೆ. ಮಗು ಎಚ್ಚರವಾಗಿದ್ದು ಅಳದೆ ಇರುವಾಗ ಇದು ಚೆನ್ನಾಗಿ ಕಾಣುತ್ತದೆ. ಅಳು ಶುರುವಾದರೆ, ಆಟಿಕೆಯ ಮೇಲೆ ಕಣ್ಣು ನೆಟ್ಟರೆ ನಿಂತುಹೋಗುತ್ತದೆ.

ಪ್ರೆಕ್ಟ್ಲ್ ಅವರ ವಾದ ಹೀಗಿತ್ತು. ಈ ಚಲನೆಗಳನ್ನು ಹುಟ್ಟಿಸುವ ನರಜಾಲ ಮೆದುಳಿನ ಕೆಳಭಾಗದಲ್ಲಿದೆ. ಅವುಗಳಿಗೆ ವೈವಿಧ್ಯ ತರುವುದು ಮೇಲಿನ ಭಾಗ ಮತ್ತು ಅಲ್ಲಿಂದ ಇಳಿದು ಬರುವ ನರಗಳು. ಆ ದಾರಿಗೆ ಪೆಟ್ಟಾಗಿದ್ದರೆ ಮಗು ಕೈಕಾಲು ಆಡಿಸುತ್ತದೆ, ಆದರೆ ವೈವಿಧ್ಯ ಇರುವುದಿಲ್ಲ. ಕೆಲವು ಮಕ್ಕಳಲ್ಲಿ ಕೈಕಾಲು ಎಲ್ಲ ಒಟ್ಟಿಗೇ ಬಿಗಿಯಾಗಿ, ಒಟ್ಟಿಗೇ ಸಡಿಲವಾಗುತ್ತವೆ. ಮೂರು ತಿಂಗಳ ಹೊತ್ತಿಗೆ ಬರಬೇಕಾದ ಫಿಜೆಟಿ ಚಲನೆ ಬರುವುದೇ ಇಲ್ಲ.

1997ರಲ್ಲಿ ಅವರ ತಂಡ 130 ಮಕ್ಕಳ ಅಧ್ಯಯನವನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಫಿಜೆಟಿ ಚಲನೆ ಇದೆಯೋ ಇಲ್ಲವೋ ಎಂಬುದನ್ನು ನೋಡಿಯೇ, ಮುಂದೆ ನರಸಂಬಂಧಿ ತೊಂದರೆ ಕಾಣಿಸಿಕೊಂಡ ಮಕ್ಕಳಲ್ಲಿ 95 ಶೇಕಡಾದಷ್ಟನ್ನು ಗುರುತಿಸಿದ್ದರು. ತೊಂದರೆ ಇಲ್ಲದವರಲ್ಲಿ 96 ಶೇಕಡಾದಷ್ಟನ್ನು ಸರಿಯಾಗಿ ಬಿಟ್ಟಿದ್ದರು. ಮಗುವನ್ನು ಮುಟ್ಟಿಲ್ಲ, ಸೂಜಿ ಚುಚ್ಚಿಲ್ಲ, ಸ್ಕ್ಯಾನ್ ಯಂತ್ರದೊಳಗೆ ಕಳಿಸಿಲ್ಲ. ಬರೀ ವಿಡಿಯೊ ನೋಡಿದ್ದಾರೆ. ಅಲ್ಲಿಯವರೆಗೆ ಸೆರೆಬ್ರಲ್ ಪಾಲ್ಸಿ ಎಂದು ಹೇಳಲು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಕಾಯುತ್ತಿದ್ದರು. ನಮ್ಮಲ್ಲಂತೂ "ಅವರಪ್ಪನೂ ಲೇಟಾಗೇ ನಡೆದಿದ್ದು" ಎಂದು ಮನೆಯವರೇ ಸಮಾಧಾನ ಮಾಡಿಕೊಂಡು ಇನ್ನಷ್ಟು ಕಾಲ ಕಳೆದುಹೋಗುತ್ತದೆ.

ಹಾಗಿದ್ದರೆ ಈ ವಿಧಾನ ಎಲ್ಲ ಕಡೆ ಯಾಕೆ ಬರಲಿಲ್ಲ? ನೋಡುವ ಕಣ್ಣಿಗೆ ತರಬೇತಿ ಬೇಕು, ಆ ತರಬೇತಿ ಪಡೆದವರು ಕಡಿಮೆ. ಕಲಿತವರಿಗೂ ಇದು ಸುಲಭದ ಕೆಲಸವಲ್ಲ. ಅಳು ಅಥವಾ ಮಾತು ಕೇಳಿ ಮನಸ್ಸು ಆ ಕಡೆ ವಾಲಬಾರದೆಂದು ವಿಡಿಯೊವನ್ನು ಶಬ್ದ ಇಲ್ಲದೆ ನೋಡುತ್ತಾರೆ. ಒಂದಾದ ಮೇಲೊಂದು ತೊಂದರೆಯಿರುವ ಮಕ್ಕಳನ್ನೇ ನೋಡುತ್ತಿದ್ದರೆ ಕಣ್ಣಿನ ಅಳತೆ ತಪ್ಪುತ್ತದೆ. ಅದಕ್ಕೇ ನಡುವೆ ಆರೋಗ್ಯವಂತ ಮಗುವಿನ ವಿಡಿಯೊ ನೋಡಿ ಅಳತೆ ಸರಿಮಾಡಿಕೊಳ್ಳಬೇಕು ಎಂಬ ನಿಯಮವೇ ಇದೆ. ದಣಿದಾಗ ನೋಡಬಾರದು. ದಿನಕ್ಕೆ ನೂರಾರು ವಿಡಿಯೊ ನೋಡುವ ಕೆಲಸ ಇದಲ್ಲ.

ಸಂಗೀತದ ಕಡೆಯಿಂದ ಬಂದ ಸಾಧನ

ಟ್ರಾಂಡ್‌ಹೈಮ್ ತಂಡದಲ್ಲಿರುವ ಲಾರ್ಸ್ ಅಡ್ಡೆ ಮಕ್ಕಳ ಫಿಜಿಯೋಥೆರಪಿಸ್ಟ್. ಈ ತರಬೇತಿ ಪಡೆದ ಕಣ್ಣಿನ ಕೆಲಸದಲ್ಲಿ ಸ್ವಲ್ಪವನ್ನಾದರೂ ಕಂಪ್ಯೂಟರ್‌ಗೆ ಕೊಡಬಹುದೇ ಎಂದು ಅವರು ಹುಡುಕುತ್ತಿದ್ದರು. ನೆರವಿಗೆ ಬಂದ ಸಾಧನ ವೈದ್ಯಕೀಯದ್ದಲ್ಲ. ಆಸ್ಲೊ ವಿಶ್ವವಿದ್ಯಾಲಯದ ಸಂಗೀತ ಸಂಶೋಧಕ ಅಲೆಕ್ಸಾಂಡರ್ ಯೆನ್ಸೇನಿಯಸ್, ಸಂಗೀತ ಕೇಳುವಾಗ ಮತ್ತು ಕುಣಿಯುವಾಗ ಜನರ ದೇಹ ಹೇಗೆ ಚಲಿಸುತ್ತದೆ ಎಂದು ವಿಡಿಯೊದಿಂದ ಅಳೆಯುವ ತಂತ್ರಾಂಶ ಮಾಡಿದ್ದರು. ಅದನ್ನೇ ಕೂಸುಗಳಿಗೆ ಒಗ್ಗಿಸಿದರು. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಕುಣಿತ ಅಳೆಯಲು ಮಾಡಿದ ಸಾಧನ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಮನೆಗೆ ಹೋದ ಮಕ್ಕಳಿಗೆ ಉಪಯೋಗಕ್ಕೆ ಬಂತು.

ಮೊದಲ ಪ್ರಯತ್ನಗಳು 2009 ಮತ್ತು 2010ರಲ್ಲಿ ಪ್ರಕಟವಾದವು. ಆಗಿನ ವಿಧಾನ ಸರಳ. ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಇದೆ ಎಂದು ನೋಡುವುದು, ಆ ವ್ಯತ್ಯಾಸಗಳ ನಡುಬಿಂದು ಎಷ್ಟು ಓಲಾಡುತ್ತದೆ ಎಂದು ಅಳೆಯುವುದು. ಇಡೀ ಮೈಯಲ್ಲಿ ಸಣ್ಣ ಚಲನೆಗಳು ಒಂದೇ ಸಮನೆ ಹರಡಿದ್ದರೆ ನಡುಬಿಂದು ಹೆಚ್ಚು ಅಲುಗಾಡುವುದಿಲ್ಲ. ಫಿಜೆಟಿ ಚಲನೆ ಇಲ್ಲದಿದ್ದರೆ ಅದು ಆ ಕಡೆ ಈ ಕಡೆ ಜಿಗಿಯುತ್ತದೆ. ಒಳ್ಳೆಯ ಯೋಚನೆ. ಆದರೆ ಈ ಸಾಧನಕ್ಕೆ ಮಗು ಯಾವುದು, ಹಾಸಿಗೆ ಯಾವುದು ಎಂದು ಗೊತ್ತಿಲ್ಲ. ಫ್ಯಾನಿನ ನೆರಳು ಹಾದರೂ, ದುಪ್ಪಟಿಯ ಅಂಚು ಹಾರಿದರೂ ಅದು ಚಲನೆಯೇ. ಕಾಲು ಯಾವುದು ಕೈ ಯಾವುದು ಎಂಬುದೂ ಅದಕ್ಕೆ ತಿಳಿಯದು.

2022ರ ಅಧ್ಯಯನದಲ್ಲಿ ಬದಲಾದದ್ದು ಇದೇ. ಡ್ಯಾನಿಯಲ್ ಗ್ರೂಸ್, ಅಡ್ಡೆ, ರಾಗ್ನ್‌ಹಿಲ್ಡ್ ಸ್ಟೋಯೆನ್, ಎಸ್ಪೆನ್ ಇಹ್ಲೆನ್ ಮೊದಲಾದವರು ಕೂಸುಗಳಿಗೆಂದೇ ತಯಾರಿಸಿದ ಕಂಪ್ಯೂಟರ್ ಮಾದರಿ ಬಳಸಿದರು. ಅದು ವಿಡಿಯೊದಲ್ಲಿ ಮಗುವಿನ ದೇಹದ 19 ಜಾಗಗಳನ್ನು ಹಿಡಿಯುತ್ತದೆ. ನೆತ್ತಿ, ಮೂಗು, ಕಿವಿ, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹಿಮ್ಮಡಿಗಂಟು, ಹೀಗೆ. ಆ ಬಿಂದುಗಳು ಹೇಗೆ ಓಡಾಡುತ್ತವೆ ಎಂಬುದಷ್ಟೇ ಮುಂದಿನ ಹಂತಕ್ಕೆ ಹೋಗುತ್ತದೆ. ವಿಡಿಯೊವನ್ನು 5 ಸೆಕೆಂಡಿನ ತುಣುಕುಗಳಾಗಿ ನೋಡಿ, ಪ್ರತಿ ತುಣುಕಿಗೂ ಅಪಾಯದ ಅಂದಾಜು ಹಾಕಿ, ಎಲ್ಲ ಸೇರಿಸಿ ಒಂದು ತೀರ್ಮಾನ ಕೊಡುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ 19ರಲ್ಲಿ ಬೆರಳುಗಳಿಲ್ಲ. ಕೈ ಮಣಿಕಟ್ಟಿಗೆ, ಕಾಲು ಹಿಮ್ಮಡಿಗಂಟಿಗೆ ನಿಲ್ಲುತ್ತದೆ. ತರಬೇತಿ ಪಡೆದ ಮನುಷ್ಯ ಮಗುವಿನ ಬೆರಳುಗಳನ್ನೂ ನೋಡುತ್ತಾನೆ. ಯಂತ್ರಕ್ಕೆ ಮನುಷ್ಯನಿಗಿಂತ ಜಾಸ್ತಿ ಕಾಣುತ್ತದೆ ಎಂದು ಸುಮ್ನೆ ನಂಬುವವರು ಇದನ್ನು ನೆನಪಿಡಬೇಕು.

139 ಮಕ್ಕಳು

557ರಲ್ಲಿ ಮುಕ್ಕಾಲು ಭಾಗ ಮಕ್ಕಳ ವಿಡಿಯೊ ಕಂಪ್ಯೂಟರ್‌ಗೆ ಕಲಿಸಲು ಹೋಯಿತು. ಉಳಿದ 139 ಮಕ್ಕಳ ವಿಡಿಯೊವನ್ನು ಪಕ್ಕಕ್ಕಿಟ್ಟು, ಕೊನೆಗೆ ಪರೀಕ್ಷೆಗೆ ಬಳಸಿದರು. ಈ 139ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದವರು 21 ಮಕ್ಕಳು, ಇಲ್ಲದವರು 118.

21ರಲ್ಲಿ 15 ಮಕ್ಕಳನ್ನು ಕಂಪ್ಯೂಟರ್ ಗುರುತಿಸಿತು. 6 ಮಕ್ಕಳನ್ನು ಬಿಟ್ಟುಬಿಟ್ಟಿತು. 118ರಲ್ಲಿ 111 ಮಕ್ಕಳಿಗೆ ತೊಂದರೆ ಇಲ್ಲ ಎಂದು ಸರಿಯಾಗಿ ಹೇಳಿತು. 7 ಮಕ್ಕಳಿಗೆ ಇಲ್ಲದ ತೊಂದರೆ ಇದೆ ಎಂದಿತು.

ಶೇಕಡಾದಲ್ಲಿ ಹೇಳಿದರೆ ತೊಂದರೆ ಇರುವವರನ್ನು ಹಿಡಿಯುವ ಶಕ್ತಿ 71.4, ಇಲ್ಲದವರನ್ನು ಬಿಡುವ ಶಕ್ತಿ 94.1, ಒಟ್ಟು ಸರಿ ಉತ್ತರ 90.6. ಸುದ್ದಿಗೆ ಸಿಗುವುದು ಸಾಮಾನ್ಯವಾಗಿ ಈ ಕೊನೆಯದೇ, "90 ಶೇಕಡಾ ನಿಖರ" ಎಂದು. ಅದು ಸುಳ್ಳಲ್ಲ. ಆದರೆ ಅದರಿಂದ ಅಪ್ಪ ಅಮ್ಮನಿಗೆ ಏನೂ ತಿಳಿಯುವುದಿಲ್ಲ. 139 ಮಕ್ಕಳಲ್ಲಿ ಯಾರಿಗೂ ತೊಂದರೆ ಇಲ್ಲ ಎಂದು ಕಣ್ಣುಮುಚ್ಚಿ ಹೇಳಿದ್ದರೂ 118 ಉತ್ತರ ಸರಿಯಾಗುತ್ತಿತ್ತು, ಅಂದರೆ ಸುಮಾರು 85 ಶೇಕಡಾ. ಆ ಲೆಕ್ಕದಲ್ಲಿ ಒಂದು ಮಗುವನ್ನೂ ಗುರುತಿಸಿದಂತಾಗುತ್ತಿರಲಿಲ್ಲ. ಅದಕ್ಕೇ ಶೇಕಡಾವನ್ನು ಬಿಟ್ಟು 15, 6, 7, 111 ಎಂಬ ನಾಲ್ಕು ಸಂಖ್ಯೆಗಳನ್ನೇ ನೋಡಬೇಕು ಎನ್ನುತ್ತೇನೆ.

ಆ 7 ಮಕ್ಕಳ ಮನೆಯನ್ನು ಯೋಚಿಸಿ. ಮೊದಲೇ ಎನ್‌ಐಸಿಯುನಲ್ಲಿ ವಾರಗಟ್ಟಲೆ ಕಳೆದು ಬಂದ ಕುಟುಂಬ. ಈಗ ಕಂಪ್ಯೂಟರ್ "ಅಪಾಯ ಇದೆ" ಎನ್ನುತ್ತದೆ. ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ, ಬೇಕಿದ್ದರೆ ಎಂಆರ್‌ಐ ಮಾಡಿ, ಕೆಲವು ತಿಂಗಳು ಗಮನಿಸಿ ಏನೂ ಇಲ್ಲ ಎನ್ನುತ್ತಾರೆ. ಆ ತಿಂಗಳುಗಳ ಸಂಕಟ ಸಣ್ಣದಲ್ಲ. ಆದರೂ ಅಪಾಯದ ಅಂಚಿನ ಈ ಗುಂಪಿನಲ್ಲಿ ಯಂತ್ರ ಬೆರಳು ತೋರಿದ 22 ಮಕ್ಕಳಲ್ಲಿ 15 ಮಕ್ಕಳಿಗೆ ನಿಜವಾಗಿಯೂ ತೊಂದರೆ ಇತ್ತು. ಮೂರರಲ್ಲಿ ಎರಡು. ಹೀಗಿರುವಾಗ ಆ ಎಲ್ಲ 22 ಮಕ್ಕಳಿಗೂ ಫಿಜಿಯೋಥೆರಪಿ ಶುರುಮಾಡುವುದೇ ಸರಿ. ತೊಂದರೆ ಇಲ್ಲದ ಮಗುವಿಗೆ ಆಟದ ರೂಪದ ವ್ಯಾಯಾಮದಿಂದ ಕೆಟ್ಟದ್ದೇನೂ ಆಗುವುದಿಲ್ಲ.

ನನ್ನ ಚಿಂತೆ ಜಾಸ್ತಿ ಇರುವುದು ಆ 6 ಮಕ್ಕಳ ಬಗ್ಗೆ.

ಅವರ ಮನೆಗೆ ಹೋಗುವ ಸಂದೇಶ "ಏನೂ ತೊಂದರೆ ಕಾಣುತ್ತಿಲ್ಲ" ಎಂಬುದು. ಅಪ್ಪ ಅಮ್ಮ ನಿರಾಳವಾಗುತ್ತಾರೆ. ಮುಂದಿನ ತಪಾಸಣೆಗೆ ಬಸ್ ಹತ್ತಿ ಊರಿಂದ ಬರಬೇಕು, ಒಂದು ದಿನದ ಕೂಲಿ ಹೋಗುತ್ತದೆ. "ಚೆನ್ನಾಗಿದೆ ಅಂದ್ರಲ್ಲ" ಎಂದು ಬಿಡುತ್ತಾರೆ. ಯಂತ್ರ ಇಲ್ಲದಿದ್ದರೆ ಬಂದೇ ಬರುತ್ತಿದ್ದ ಮಗು, ಯಂತ್ರ ಇದ್ದದ್ದರಿಂದ ಬರುವುದಿಲ್ಲ. ಹಾಗಾಗಿ ಇದನ್ನು ಬಳಸುವ ಯಾರೇ ಆಗಲಿ, ಮನೆಯವರಿಗೆ ಕೊಡುವ ಉತ್ತರಗಳಲ್ಲಿ "ತೊಂದರೆ ಇಲ್ಲ" ಎಂಬ ವಾಕ್ಯವೇ ಇರಬಾರದು. "ಈಗ ತುರ್ತು ಇಲ್ಲ, ನಿಗದಿಯಾದ ದಿನ ತಪಾಸಣೆಗೆ ಬನ್ನಿ" ಎಂದಿರಬೇಕು. ವಿಡಿಯೊ ತಪಾಸಣೆ ಮಗುವನ್ನು ಸಾಲಿನಲ್ಲಿ ಮುಂದೆ ತರಬಹುದು, ಸಾಲಿನಿಂದ ಹೊರಗೆ ಕಳಿಸಬಾರದು. ಈ ಪ್ರಕರಣದಿಂದ ನಾನು ತೆಗೆದುಕೊಂಡ ಮುಖ್ಯ ಮಾತು ಇದೇ.

ಮನುಷ್ಯರ ಕಣ್ಣು ಇದೇ ಗುಂಪಿನಲ್ಲಿ ಹೇಗೆ ಮಾಡಿತು? ತರಬೇತಿ ಪಡೆದವರ ಅಂಕ ಹಿಡಿಯುವುದರಲ್ಲಿ 70, ಬಿಡುವುದರಲ್ಲಿ 88.7. ಯಂತ್ರಕ್ಕೂ ಅವರಿಗೂ ಇರುವ ವ್ಯತ್ಯಾಸ ಅಂಕಿಅಂಶದ ದೃಷ್ಟಿಯಿಂದ ದೊಡ್ಡದೇನಲ್ಲ ಎಂದು ಸಂಶೋಧಕರೇ ಹೇಳಿದ್ದಾರೆ. ಅಂದರೆ ಯಂತ್ರ ತಜ್ಞರನ್ನು ಸೋಲಿಸಲಿಲ್ಲ, ಅವರ ಹತ್ತಿರಕ್ಕೆ ಬಂತು. ತಜ್ಞರು ಇಲ್ಲದ ಊರಿಗೆ ಅಷ್ಟೇ ದೊಡ್ಡ ಸುದ್ದಿ.

ಇಲ್ಲಿ ಕೆಲವರಿಗೆ ಗೊಂದಲ ಆಗಬಹುದು. 2017ರಲ್ಲಿ ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತು ಜೊತೆಗಾರರು ಸೆರೆಬ್ರಲ್ ಪಾಲ್ಸಿಯನ್ನು ಬೇಗ ಗುರುತಿಸುವ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಈ ಚಲನೆ ನೋಡುವ ವಿಧಾನಕ್ಕೆ 98 ಶೇಕಡಾ ಎಂದಿದೆ. ಅಲ್ಲಿ 98, ಇಲ್ಲಿ 70. ಯಾವ ಮಕ್ಕಳನ್ನು ಆರಿಸಿದರು, ಎಷ್ಟು ವಿಡಿಯೊ ನೋಡಿದರು, ತೊಂದರೆ ತೀವ್ರವೋ ಸೌಮ್ಯವೋ ಎಂಬುದರ ಮೇಲೆ ಈ ಅಂಕಿ ಬದಲಾಗುತ್ತದೆ. ಎರಡೂ ಬದಿಯ ಕೈಕಾಲುಗಳಿಗೆ ತಟ್ಟಿದ ತೊಂದರೆಯನ್ನು ಹಿಡಿಯುವುದು ಸುಲಭ. ಒಂದೇ ಬದಿಗೆ ಸೌಮ್ಯವಾಗಿ ತಟ್ಟಿದ್ದರೆ ಕಷ್ಟ. ನೋವಾಕ್ ಅವರ ಲೇಖನ ಕೂಡ ಚಲನೆಯೊಂದನ್ನೇ ನಂಬಿ ಎನ್ನುವುದಿಲ್ಲ. ಎಂಆರ್‌ಐ ಮತ್ತು ಕೈಯಿಂದ ಮಾಡುವ ನರಪರೀಕ್ಷೆಯ ಜೊತೆ ಸೇರಿಸಿ ನೋಡಿ ಎನ್ನುತ್ತದೆ.

ಎಲ್ಲ ಮಕ್ಕಳ ವಿಡಿಯೊ ತೆಗೆದರೆ?

ಇದನ್ನೇ ಒಂದು ಮೊಬೈಲ್ ಆಪ್ ಮಾಡಿದರೆ ಎಲ್ಲ ಅಪ್ಪ ಅಮ್ಮಂದಿರೂ ಮನೆಯಲ್ಲೇ ಪರೀಕ್ಷಿಸಿಕೊಳ್ಳಲಿ ಎಂಬ ಆಸೆ ಸಹಜ. ಲೆಕ್ಕ ಹಾಕಿ ನೋಡೋಣ.

ಸೆರೆಬ್ರಲ್ ಪಾಲ್ಸಿ ಸಾವಿರ ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಇರುತ್ತದೆ ಎಂದಿಟ್ಟುಕೊಳ್ಳಿ. 10,000 ಮಕ್ಕಳನ್ನು ತಗೊಂಡರೆ 30. ಟ್ರಾಂಡ್‌ಹೈಮ್ ಯಂತ್ರದ ಸಾಮರ್ಥ್ಯ ಹಾಗೇ ಉಳಿದರೆ ಅದು ಸುಮಾರು 21 ಮಕ್ಕಳನ್ನು ಹಿಡಿಯುತ್ತದೆ, 9 ಮಕ್ಕಳನ್ನು ಬಿಡುತ್ತದೆ. ತೊಂದರೆ ಇಲ್ಲದ 9,970 ಮಕ್ಕಳಲ್ಲಿ ಸುಮಾರು 590 ಮಕ್ಕಳಿಗೆ "ಅಪಾಯ" ಎನ್ನುತ್ತದೆ. ಅಂದರೆ ಗಾಬರಿಯಿಂದ ಆಸ್ಪತ್ರೆಗೆ ಓಡುವ 600ಕ್ಕೂ ಹೆಚ್ಚು ಕುಟುಂಬಗಳಲ್ಲಿ 21ಕ್ಕೆ ಮಾತ್ರ ನಿಜವಾದ ಕಾರಣ ಇರುತ್ತದೆ. ಅಪಾಯದ ಗುಂಪಿನಲ್ಲಿ ಮೂರರಲ್ಲಿ ಎರಡು ಸರಿಯಿದ್ದ ಅದೇ ಯಂತ್ರ, ಎಲ್ಲ ಮಕ್ಕಳ ನಡುವೆ ಮೂವತ್ತರಲ್ಲಿ ಒಂದರ ಮಟ್ಟಕ್ಕೆ ಇಳಿಯುತ್ತದೆ. ಯಂತ್ರ ಕೆಟ್ಟಿಲ್ಲ. ಅದನ್ನು ಬಳಸಿದ ಜಾಗ ಬದಲಾಯಿತು, ಅಷ್ಟೆ. ಮೊದಲೇ ಕಿಕ್ಕಿರಿದಿರುವ ಮಕ್ಕಳ ಫಿಜಿಯೋಥೆರಪಿ ವಿಭಾಗಕ್ಕೆ ಈ 600 ಮಕ್ಕಳು ಬಂದರೆ ಕಾಯಬೇಕಾಗುವುದು ಆ 21 ಮಕ್ಕಳೇ.

ಆದ್ದರಿಂದ ವಿಡಿಯೊ ತಪಾಸಣೆಯ ಈ ಜರಡಿ ಅಪಾಯದ ಗುಂಪಿಗೆ ಮಾತ್ರ. ಎನ್‌ಐಸಿಯು ಅಥವಾ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಿಂದ ಮನೆಗೆ ಹೋದ ಮಕ್ಕಳಿಗೆ. ಆರೋಗ್ಯವಾಗಿ, ದಿನ ತುಂಬಿ ಹುಟ್ಟಿದ ಮಗುವಿನ ಅಪ್ಪ ಅಮ್ಮ ರಾತ್ರಿ ಕೂತು ಯೂಟ್ಯೂಬ್ ವಿಡಿಯೊ ಜೊತೆ ತಮ್ಮ ಮಗುವನ್ನು ಹೋಲಿಸಿಕೊಂಡು ನಿದ್ದೆಗೆಡಬೇಕಿಲ್ಲ.

ವಿಡಿಯೊ ತೆಗೆಯುವವರು ಯಾರು?

ಟ್ರಾಂಡ್‌ಹೈಮ್ ತಂಡ ಅಪ್ಪ ಅಮ್ಮಂದಿರೇ ಮನೆಯಲ್ಲಿ ವಿಡಿಯೊ ತೆಗೆದು ಕಳಿಸುವ ಆಪ್ ಕೂಡ ಮಾಡಿತು. ಮೆಲ್ಬರ್ನ್‌ನಲ್ಲಿ ಅಲಿಷಿಯಾ ಸ್ಪಿಟಲ್ ಅವರ ತಂಡ ಬೇಬಿ ಮೂವ್ಸ್ ಎಂಬ ಆಪ್ ಮಾಡಿ, ತೀರಾ ಬೇಗ ಹುಟ್ಟಿದ ಮಕ್ಕಳಿರುವ ಕುಟುಂಬಗಳಿಗೆ ವಿಕ್ಟೋರಿಯಾ ರಾಜ್ಯದಾದ್ಯಂತ ಕೊಟ್ಟಿತು. ಆಪ್‌ನಲ್ಲಿ ಮಗುವಿನ ಆಕಾರದ ಗೆರೆ ಇರುತ್ತದೆ, ಮಗು ಅದರೊಳಗೆ ಬರುವ ಹಾಗೆ ಫೋನ್ ಹಿಡಿದರಾಯಿತು. ಹೆಚ್ಚಿನ ಮನೆಗಳಿಂದ ತಜ್ಞರು ನೋಡಲು ಸಾಧ್ಯವಾದ ವಿಡಿಯೊಗಳೇ ಬಂದವು. ಆದರೆ ಸರ್ಕಾರದ ಆರ್ಥಿಕ ನೆರವಿನ ಮೇಲೆ ಬದುಕುವ ಕುಟುಂಬಗಳಿಂದ, ಇಂಗ್ಲಿಷ್ ಸರಿಯಾಗಿ ಬಾರದವರಿಂದ ವಿಡಿಯೊ ಬರುವುದು ಕಡಿಮೆಯಾಗಿತ್ತು. ಆಸ್ಟ್ರೇಲಿಯಾದಲ್ಲೇ ಹೀಗಾದರೆ ನಮ್ಮ ಕಡೆ ಏನು ಎಂದು ಯಾರಾದರೂ ಕೇಳುತ್ತಾರೆ ಅಲ್ವಾ?

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲು ಹುಟ್ಟಿದರು. ಜಗತ್ತಿನಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಹಿಂದೆ ಉಳಿಯದಿದ್ದ ಮಕ್ಕಳು ಈಗ ಉಳಿಯುತ್ತಿದ್ದಾರೆ, ಅದು ಸಂತೋಷದ ಮಾತು. ಅವರನ್ನು ಮನೆಗೆ ಕಳಿಸಿದ ಮೇಲಿನ ಕೆಲಸ ಅಷ್ಟೇ ಹಿಂದೆ ಬಿದ್ದಿದೆ. ಈ ವಿಧಾನ ನಮ್ಮ ಮಕ್ಕಳಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಉತ್ತರ ಹುಡುಕಿದ್ದಾರೆ. ಇದೇ ಅಡ್ಡೆ, ಸ್ಟೋಯೆನ್ ಜೊತೆ ಸೇರಿ, ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳನ್ನು ಅವರು ಗಮನಿಸಿದರು. ಮೂರು ತಿಂಗಳ ಹೊತ್ತಿನ ಚಲನೆಗೂ ಒಂದು ವರ್ಷದ ಹೊತ್ತಿನ ಬೆಳವಣಿಗೆಗೂ ಸಂಬಂಧ ಇದೆ ಎಂದು 2016ರಲ್ಲಿ ಪ್ರಕಟಿಸಿದರು.

ದೂರದಿಂದ ಚಿತ್ರ ನೋಡಿ ಮಗುವನ್ನು ಉಳಿಸುವ ಕೆಲಸ ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಯೋಜನೆ ಶುರುಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ. ದಿನ ತುಂಬದ ಮಕ್ಕಳ ಕಣ್ಣಿನ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಬೆಂಗಳೂರಿನಲ್ಲಿ ಕೂತ ತಜ್ಞರು ನೋಡಿ ಯಾರಿಗೆ ಚಿಕಿತ್ಸೆ ಬೇಕೆಂದು ಹೇಳುತ್ತಾರೆ. ಅಲ್ಲಿ ಕೆಲಸ ಮಾಡಿದ್ದು ಕ್ಯಾಮೆರಾ ಒಂದೇ ಅಲ್ಲ. ವಾರ ವಾರ ತಪ್ಪದೆ ಹೋಗುವ ತಂತ್ರಜ್ಞ, ಚಿತ್ರ ನೋಡುವ ವೈದ್ಯ, ಚಿಕಿತ್ಸೆ ಕೊಡುವ ವ್ಯವಸ್ಥೆ ಎಲ್ಲ ಒಟ್ಟಿಗೆ ಇದ್ದವು. ಚಲನೆಯ ವಿಡಿಯೊಗೂ ಹೀಗೇ ಬೇಕು.

ಬೇಗ ಗೊತ್ತಾಗಿ ಏನು ಲಾಭ ಎಂದೂ ಕೆಲವರು ಕೇಳುತ್ತಾರೆ. ಸೆರೆಬ್ರಲ್ ಪಾಲ್ಸಿ ವಾಸಿಯಾಗುವ ಕಾಯಿಲೆ ಅಲ್ಲ ತಾನೇ? ಹೌದು, ಮೆದುಳಿಗೆ ಆದ ಪೆಟ್ಟು ಹೋಗುವುದಿಲ್ಲ. ಆದರೆ ಮೊದಲ ತಿಂಗಳುಗಳಲ್ಲಿ ಮೆದುಳು ಕಲಿಯುವ ವೇಗ ಆಮೇಲೆ ಇರುವುದಿಲ್ಲ. ಸ್ವೀಡನ್‌ನಲ್ಲಿ ಒಂದು ಬದಿಯ ಕೈ ಬಳಸದ ಕೂಸುಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉದಾಹರಣೆ. ಚೆನ್ನಾಗಿರುವ ಕೈಯನ್ನು ದಿನಕ್ಕೆ ಸ್ವಲ್ಪ ಹೊತ್ತು ತಡೆದು, ಸೋತ ಕೈಯಿಂದ ಆಟ ಆಡಿಸಿದರು. ಬರೀ ಮಸಾಜ್ ಪಡೆದ ಮಕ್ಕಳಿಗಿಂತ ಈ ಮಕ್ಕಳ ಕೈಬಳಕೆ ಉತ್ತಮವಾಯಿತು. ಇದರ ಜೊತೆ ಸೊಂಟದ ಕೀಲು ಜಾರದಂತೆ ನಿಗಾ ಇಡುವುದು, ಕಣ್ಣು ಕಿವಿ ಪರೀಕ್ಷೆ, ಹಾಲು ಊಟ ನುಂಗುವ ತೊಂದರೆಗೆ ನೆರವು ಎಲ್ಲವೂ ಬೇಗ ಶುರುವಾಗುತ್ತವೆ. ಅಮ್ಮನ ಮೇಲೆ ಬರುವ "ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂಬ ಮಾತಿಗೂ ವೈದ್ಯರ ಉತ್ತರ ಬೇಗ ಸಿಗುತ್ತದೆ. ಇದನ್ನು ಯಾವ ಅಧ್ಯಯನದ ಕೋಷ್ಟಕವೂ ಲೆಕ್ಕ ಹಾಕುವುದಿಲ್ಲ, ಆದರೂ ಇದು ಸಣ್ಣ ಲಾಭವಲ್ಲ.

ಆಶಾ ಭೇಟಿಯ ಲೆಕ್ಕ

ವಿಡಿಯೊ ತೆಗೆಯಲು ಎಲ್ಲರಿಗಿಂತ ಸೂಕ್ತರು ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು. 2018ರಲ್ಲಿ ಶುರುವಾದ ಮನೆಭೇಟಿ ಕಾರ್ಯಕ್ರಮದಲ್ಲಿ ಅವರು ಮಗುವಿಗೆ 3, 6, 9, 12, 15 ತಿಂಗಳು ತುಂಬಿದಾಗ ಹೋಗಬೇಕು. ಮೂರನೇ ತಿಂಗಳ ಭೇಟಿ ಇದೆಯಲ್ಲ, ಫಿಜೆಟಿ ಚಲನೆಯ ಕಾಲಕ್ಕೆ ಸರಿಹೋಯಿತು ಎಂದುಕೊಳ್ಳುತ್ತೇವೆ. ದಿನ ತುಂಬಿ ಹುಟ್ಟಿ, ಉಸಿರುಗಟ್ಟಿದ ಮಗುವಿಗೆ ಅದು ನಿಜ. ಆಗ ಸುಮಾರು 13 ವಾರ.

ಆದರೆ ಈ ವಾರಗಳನ್ನು ಎಣಿಸುವುದು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ. 28 ವಾರಕ್ಕೆ ಹುಟ್ಟಿದ ಮಗು 12 ವಾರ ಮೊದಲೇ ಬಂದಿದೆ. ಅದಕ್ಕೆ ಮೂರು ತಿಂಗಳಾದಾಗ ಈ ಲೆಕ್ಕದಲ್ಲಿ ಒಂದೇ ವಾರ. ಆಗ ವಿಡಿಯೊ ತೆಗೆದರೆ ಫಿಜೆಟಿ ಚಲನೆ ಕಾಣುವುದಿಲ್ಲ. ಕಾಣಬಾರದು ಕೂಡ, ಇನ್ನೂ ಅದರ ಕಾಲವೇ ಬಂದಿಲ್ಲ. ಲೆಕ್ಕ ತಪ್ಪಿದರೆ ಆರೋಗ್ಯವಂತ ಮಗುವಿಗೂ ಅಪಾಯದ ಹಣೆಪಟ್ಟಿ ಬೀಳುತ್ತದೆ. ಇದೇ ಮಗುವಿಗೆ ಆರನೇ ತಿಂಗಳ ಭೇಟಿ ಸರಿಯಾಗಿ ಹೊಂದುತ್ತದೆ, ಆಗ 14 ವಾರ. 34 ವಾರಕ್ಕೆ ಹುಟ್ಟಿದ ಮಗುವಿಗೆ ಎರಡೂ ಹೊಂದುವುದಿಲ್ಲ. ಮೂರನೇ ತಿಂಗಳಲ್ಲಿ 7 ವಾರ, ಆರನೇ ತಿಂಗಳಲ್ಲಿ 20 ವಾರ. ಚಲನೆ ಚೆನ್ನಾಗಿ ಕಾಣುವ 12ರಿಂದ 16 ವಾರ ಎರಡು ಭೇಟಿಗಳ ನಡುವೆ ಕಳೆದುಹೋಗುತ್ತದೆ. ದಿನ ತುಂಬದ ಮಕ್ಕಳಲ್ಲಿ 32ರಿಂದ 36 ವಾರದ ನಡುವೆ ಹುಟ್ಟುವವರೇ ಹೆಚ್ಚು. ಎಷ್ಟೇ ಜಾಣ ತಂತ್ರಾಂಶ ತಂದರೂ ಈ ದಿನಾಂಕ ತಪ್ಪಿದರೆ ಕೆಲಸಕ್ಕೆ ಬಾರದು.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಹೆರಿಗೆಯ ಅಂದಾಜು ದಿನಾಂಕ ತಾಯಿ ಕಾರ್ಡಿನಲ್ಲಿ ಮೊದಲೇ ಬರೆದಿರುತ್ತದೆ. ಅದಕ್ಕೆ 12 ವಾರ ಕೂಡಿಸಿ, 16 ವಾರ ಕೂಡಿಸಿ, ಎರಡು ದಿನಾಂಕ ಬರೆದರೆ ಆಯಿತು. ಕೊಟ್ಟಿದ್ದ ದಿನಾಂಕ ಏಪ್ರಿಲ್ 10 ಆಗಿದ್ದರೆ ವಿಡಿಯೊ ತೆಗೆಯಬೇಕಾದ ಕಾಲ ಜುಲೈ 3ರಿಂದ ಜುಲೈ 31. ಮಗು ಜನವರಿಯಲ್ಲೇ ಹುಟ್ಟಿರಲಿ, ಮಾರ್ಚ್‌ನಲ್ಲಿ ಹುಟ್ಟಿರಲಿ, ಈ ದಿನಾಂಕ ಬದಲಾಗುವುದಿಲ್ಲ. ನವಜಾತ ಶಿಶು ಘಟಕದಿಂದ ಬಿಡುಗಡೆ ಮಾಡುವ ದಿನವೇ ನರ್ಸ್ ಇದನ್ನು ಕಾರ್ಡಿನ ಮೇಲೆ ಬರೆದು, ಅಮ್ಮನಿಗೂ ಊರಿನ ಆಶಾಗೂ ತಿಳಿಸಬಹುದು.

ತೆಗೆಯುವ ರೀತಿಯನ್ನೂ ಅಲ್ಲೇ ಹೇಳಿಕೊಡಬೇಕು. ಹಾಲು ಕುಡಿದು ನಿದ್ದೆಗೆ ಜಾರುವ ಮುಂಚೆ ಎಚ್ಚರವಾಗಿರುವ ಹೊತ್ತು ಆರಿಸಿಕೊಳ್ಳಿ. ಎಣ್ಣೆ ನೀರು ಹಾಕಿದ ಮೇಲಂತೂ ಬೇಡ, ಆಗ ಮಗು ಮಲಗಿಬಿಡುತ್ತದೆ. ತೊಟ್ಟಿಲು, ಸೀರೆ ಜೋಲಿ ಬೇಡ, ನೆಲಕ್ಕೆ ಚಾಪೆ ಹಾಸಿ ಒಂದೇ ಬಣ್ಣದ ದುಪ್ಪಟಿ ಹಾಕಿ. ಸುತ್ತಿದ ಬಟ್ಟೆ, ಟೊಪ್ಪಿ, ಕಾಲುಚೀಲ ತೆಗೆಯಿರಿ. ಫ್ಯಾನಿನ ನೆರಳು ಮಗುವಿನ ಮೇಲೆ ಬೀಳದಿರಲಿ. ಫೋನ್ ಮೇಲಿನಿಂದ, ತಲೆಯಿಂದ ಪಾದದವರೆಗೆ ಕಾಣುವಂತೆ, ಅಲುಗಾಡದೆ ಹಿಡಿಯಿರಿ. ಮೂರು ನಿಮಿಷ ಯಾರೂ ಮಾತಾಡಿಸಬಾರದು. ಅಜ್ಜಿ "ಏನೋ ಕಂದಾ" ಎಂದರೆ ಮಗು ಆ ಕಡೆ ತಿರುಗಿ ಕೈಕಾಲು ನಿಲ್ಲಿಸುತ್ತದೆ. ಮಗು ಅತ್ತರೆ ನಿಲ್ಲಿಸಿ, ಇನ್ನೊಮ್ಮೆ ತೆಗೆಯಿರಿ. ಮತ್ತೆ, ಆ ವಿಡಿಯೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮೈಮೇಲೆ ಬಟ್ಟೆ ಇಲ್ಲದ ಮಗುವಿನ ಆರೋಗ್ಯದ ದಾಖಲೆ ಅದು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆಪ್ ಮಾಡುವವರು 19 ಬಿಂದುಗಳ ಲೆಕ್ಕ ತೆಗೆದುಕೊಂಡ ಮೇಲೆ ಮೂಲ ವಿಡಿಯೊವನ್ನು ಎಷ್ಟು ಕಾಲ, ಎಲ್ಲಿ ಇಡುತ್ತೇವೆ ಎಂದು ಕನ್ನಡದಲ್ಲಿ ಬರೆದು ತಿಳಿಸಬೇಕು.

ಇದನ್ನು ಒಂದು ಜಿಲ್ಲೆಯಲ್ಲಿ ಮಾಡಿ ನೋಡಬಹುದು. ಮೊದಲ ವರ್ಷ ಕಂಪ್ಯೂಟರ್ ಬೇಕಾಗಿಯೂ ಇಲ್ಲ. ಕಾರ್ಡಿನಲ್ಲಿ ಎರಡು ದಿನಾಂಕ, ಆಶಾ ಕೈಯಲ್ಲಿ ಫೋನು, ವಿಡಿಯೊ ನೋಡಲು ತರಬೇತಿ ಪಡೆದ ಇಬ್ಬರು ಫಿಜಿಯೋಥೆರಪಿಸ್ಟ್‌ಗಳು, ಮತ್ತು ಅವರು ಗುರುತಿಸಿದ ಮಗುವಿಗೆ, ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ನೆರವು ಕೊಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಒಂದು ವಾರದೊಳಗೆ ಜಾಗ. ಇಷ್ಟು ನಡೆಯುತ್ತಿದೆ ಎಂದಾದ ಮೇಲೆ, ವಿಡಿಯೊಗಳ ಸಂಖ್ಯೆ ಆ ಇಬ್ಬರ ಕೈಮೀರಿದಾಗ, ಯಾವುದನ್ನು ಮೊದಲು ನೋಡಬೇಕು ಎಂದು ಸಾಲು ಹಚ್ಚಲು ಟ್ರಾಂಡ್‌ಹೈಮ್‌ನಂಥ ತಂತ್ರಾಂಶವನ್ನು ತರಬಹುದು. ಆ ಹೊತ್ತಿಗೆ ಅದನ್ನು ಪರೀಕ್ಷಿಸಲು ನಮ್ಮದೇ ಮಕ್ಕಳ ವಿಡಿಯೊಗಳೂ, ಅವರು ಎರಡು ವರ್ಷಕ್ಕೆ ಹೇಗೆ ಬೆಳೆದರು ಎಂಬ ಉತ್ತರಗಳೂ ನಮ್ಮ ಕೈಯಲ್ಲಿ ಇರುತ್ತವೆ.